ಶಾಲೆಯ ಮಣ್ಣಿನ ಕೆಲಸಕ್ಕೆ ಸಾಮಗ್ರಿ

ನಿಮ್ಮ ಶಾಲೆಯಲ್ಲಿ ವಾರಕ್ಕೆ ಎರಡು ಗಂಟೆಯ ಕಾಲ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸಬಹುದೆಂದು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ ಎನ್ನೋಣ. ವೇಳಾಪಟ್ಟಿಯಲ್ಲಿ ಜಾಗ ದೊರೆಯಿತು. ಚಿತ್ರಕಲೆಯ ಕೊಠಡಿಯಲ್ಲಿ ಒಂದು ಮೂಲೆಯೂ ದೊರೆಯಿತು. ಇನ್ನು ಉಳಿದದ್ದು ಸಾಮಗ್ರಿ. ಇಲ್ಲಿಗೆ ಬಂದೊಡನೆ ಬಹುಮಂದಿ ಉಪಾಧ್ಯಾಯರು ಪುಸ್ತಕದ ಅಂಗಡಿಗೆ ಹೋಗಿ, ಬಣ್ಣ ಬಣ್ಣದ ಮೇಣದಂತಹ ಮುದ್ದೆಗಳ ಪೊಟ್ಟಣವನ್ನು ಕೊಂಡು ತರುವುದುಂಟು. ಅದರ ಮೇಲೆ 'ಕ್ಲೇ' ಎಂದು ಅಚ್ಚಾಗಿರುತ್ತದೆಯೇ ಹೊರತು ಅದು ಮಣ್ಣಿನಂತೆ ನಡೆದುಕೊಳ್ಳುವ ವಸ್ತುವಲ್ಲ. ಎಣ್ಣೆ ಬೆರೆತ ಪದಾರ್ಥವಾದ್ದರಿಂದ ಅದು ಒಣಗುವುದಿಲ್ಲ, ಸುಟ್ಟರೆ ಕರಗಿ ಹೊಗೆಯಾಗುತ್ತದೆ. ನೀರಿನಲ್ಲಿ ನೆನೆದ ಮಣ್ಣು ಕೈಗೆ ಬಗ್ಗುವುದು, ಒಣಗಿದಾಗ ಕುಗ್ಗಿ ಬಿರುಸಾಗುವುದು, ಬೆಂಕಿಯಲ್ಲಿ ಕಲ್ಲಾಗುವುದು ಈ ಮೂರನ್ನೂ ನೋಡದ ಹುಡುಗ ಮಣ್ಣಿನ ಕೆಲಸ ಕಲಿತನೆಂದು ಹೇಳಲಾಗದು.

ಮಕ್ಕಳ ಕೈಗೆ ಕಸುಬು ಕೊಡಬೇಕೆಂಬ ಮಾತು ನಮ್ಮಲ್ಲಿ ಹೊಸದಲ್ಲ. 1937ರ ವಾರ್ಧಾ ಶಿಕ್ಷಣ ಯೋಜನೆ ಕೈಕೆಲಸವನ್ನೇ ಪಾಠದ ಮಧ್ಯದಲ್ಲಿ ಇಟ್ಟಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ 'ಕಾರ್ಯಾನುಭವ'ವೆಂಬ ಮಾತನ್ನು ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಆರರಿಂದ ಎಂಟನೆಯ ತರಗತಿಯೊಳಗೆ ಹತ್ತು ದಿನ ಚೀಲವಿಲ್ಲದೆ ಬಂದು, ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ ಕೆಲಸ ನೋಡಿ ಕಲಿಯಬೇಕೆಂದು ಕುಂಬಾರರ ಹೆಸರನ್ನೇ ಎತ್ತಿ ಹೇಳಿದೆ. ಆದರೆ ಕಾಗದದ ಮೇಲಿನ ಕುಂಬಾರನಿಂದ ಮಣ್ಣು ಬರುವುದಿಲ್ಲವಷ್ಟೆ.

ಮೈಸೂರಿನವರಿಗೆ ಒಂದು ಅನುಕೂಲವುಂಟು. ಈ ಸೀಮೆಯಲ್ಲಿ ಮಡಕೆ ಮಾಡುವ ಮಣ್ಣು ಬಹಳ ಹಿಂದಿನಿಂದ ಬಳಕೆಯಲ್ಲಿದೆ. ನಗರದಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ತಿರುಮಕೂಡಲು ನರಸೀಪುರದಲ್ಲಿ ಪ್ರೊಫೆಸರ್ ಎಂ. ಶೇಷಾದ್ರಿಯವರು 1959ರಿಂದ ಮೊದಲು ಮಾಡಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಮಡಕೆಗಳು ದೊರೆತವು. ತಿಗರಿಯಿಲ್ಲದೆ ಕೈಯಿಂದಲೇ ತಿದ್ದಿ, ನುಣ್ಣನೆಯ ಕಲ್ಲಿನಿಂದ ಉಜ್ಜಿ ಹೊಳಪು ತಂದ ಪಾತ್ರೆಗಳು ಅವು. ನಿಮ್ಮ ತರಗತಿಗೆ ಅದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಕಾವೇರಿ ಕಪಿಲೆಯರ ಸಂಗಮದ ಆ ಜನರಿಗೆ ಇದ್ದ ಸಾಮಗ್ರಿ ಮಣ್ಣು, ನೀರು, ಕಲ್ಲು, ಸೌದೆ ಇಷ್ಟೇ. ಇನ್ನು ನಗರದೊಳಗೇ ಇರುವ ಕುಂಬಾರಕೊಪ್ಪಲಿನ ಹೆಸರೇ ಅಲ್ಲಿನ ಹಳೆಯ ಕಸುಬನ್ನು ಹೇಳುತ್ತದೆ.

ಹಾಗಾದರೆ ಮಣ್ಣನ್ನು ಎಲ್ಲಿಂದ ತರಬೇಕು? ಶಾಲೆಯ ಹಿಂದಿನ ಕೆರೆಯಿಂದ ಹುಡುಗರ ಕೈಯಲ್ಲೇ ಅಗೆಸಿ ತಂದರಾಯಿತು ಎನ್ನುವವರಿದ್ದಾರೆ. ಇದು ಬೇಡ. ನಗರದ ಸುತ್ತಲಿನ ಹಲವು ಕೆರೆಗಳಿಗೆ ಈಗ ಚರಂಡಿಯ ನೀರು ಸೇರುತ್ತದೆ. ಅಂತಹ ಹೂಳಿನಲ್ಲಿ ಎಳೆಯ ಮಕ್ಕಳ ಕೈಯಾಡಿಸುವುದು ತರವಲ್ಲ. ಕುಕ್ಕರಹಳ್ಳಿಯಂತಹ ಕೆರೆಯೋ ಹಕ್ಕಿಗಳ ಬೀಡು, ಅಲ್ಲಿ ಗುದ್ದಲಿ ಹಾಕುವ ಮಾತೇ ಇಲ್ಲ. ಅಲ್ಲದೆ ಮಣ್ಣು ತೆಗೆಯುವುದಕ್ಕೂ ಕಾನೂನುಂಟು. ಕುಂಬಾರರು ತಮ್ಮ ಸಂಪ್ರದಾಯದಂತೆ ಮಡಕೆ, ಹಣತೆ, ಆಟಿಕೆಗಳಿಗಾಗಿ ಕೈಯಿಂದ ಸಾಧಾರಣ ಜೇಡಿಮಣ್ಣು ತೆಗೆಯುವುದಕ್ಕೆ ಪರಿಸರ ಅನುಮತಿಯಿಂದ ವಿನಾಯಿತಿ ಕೊಟ್ಟು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ವಿನಾಯಿತಿ ಕಸುಬಿನವರಿಗೆ ಕೊಟ್ಟದ್ದು, ಶಾಲೆಗಲ್ಲ. ಆದುದರಿಂದ ಮಣ್ಣನ್ನು ಕುಂಬಾರರಿಂದಲೇ ಹಣ ಕೊಟ್ಟು ಕೊಳ್ಳುವುದು ನ್ಯಾಯವೂ ಹೌದು, ನೆಮ್ಮದಿಯೂ ಹೌದು. ಯಾವ ಕೆರೆಯ ಯಾವ ಮೂಲೆಯ ಮಣ್ಣು ಒಲೆಯ ಮೇಲಿಟ್ಟರೆ ಬಿರಿಯದು ಎಂಬುದನ್ನು ಅವರ ಅಜ್ಜಂದಿರು ಎಷ್ಟೋ ಮಡಕೆ ಒಡೆದು ತಿಳಿದುಕೊಂಡಿದ್ದಾರೆ. ಆ ತಿಳಿವಳಿಕೆಯೂ ನಿಮ್ಮ ಚೀಲದೊಳಗೆ ಬಂದಂತಾಯಿತು.

ನೀವು ಹೋಗಿ ಕೇಳಿದರೆ ಕುಂಬಾರರು ಮೊದಲು ಕೇಳುವ ಪ್ರಶ್ನೆ, "ಯಾತಕ್ಕೆ ಬೇಕು ಮೇಷ್ಟ್ರೇ, ಗಣಪತಿಗೋ ಮಡಕೆಗೋ?" ಎಂಬುದು. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗೌರಿ ಗಣೇಶನ ಮೂರ್ತಿಗೆ ಬೇಕಾದದ್ದು ಬಹಳ ನುಣುಪಾದ ಅಂಟುಮಣ್ಣು. ಅದನ್ನು ಸುಡುವುದಿಲ್ಲ, ನೀರಿನಲ್ಲಿ ಕರಗಬೇಕಾದದ್ದೇ ಅದರ ಧರ್ಮ. ಬಿರುಕು ಬಿಡದಿರಲೆಂದು ಅದಕ್ಕೆ ಹತ್ತಿಯನ್ನೋ ಕಾಗದದ ತಿರುಳನ್ನೋ ಬೆರೆಸುವವರೂ ಇದ್ದಾರೆ. ಮಡಕೆಯ ಮಣ್ಣಿಗಾದರೋ ಮರಳು ಸೇರಿರಬೇಕು. ಮರಳಿನ ಕಣಗಳು ಒಳಗಿನ ತೇವ ಹೊರಗೆ ಬರಲು ದಾರಿ ಮಾಡಿಕೊಡುತ್ತವೆ. ಬೆಂಕಿಯ ಹೊಡೆತವನ್ನೂ ತಡೆಯುತ್ತವೆ. ನೀವು ಸುಡಬೇಕೆಂದಿದ್ದರೆ ಮಡಕೆಯ ಮಣ್ಣನ್ನೇ ಕೇಳಿ. ಗಣಪತಿಯ ಮಣ್ಣನ್ನು ತಂದು ಸುಡಹೊರಟರೆ ಅರ್ಧದಷ್ಟು ಪದಾರ್ಥ ಆವಿಗೆಯಲ್ಲೇ ಹೋದೀತು.

ಕೇಳುವ ಕಾಲವನ್ನೂ ನೋಡಬೇಕು. ಆಷಾಢ ಶ್ರಾವಣಗಳಲ್ಲಿ ಮೂರ್ತಿ ಮಾಡುವವರಿಗೆ ಉಸಿರಾಡಲು ಪುರಸತ್ತಿರುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳಿಗೆ ತಡೆ ಬಂದ ಮೇಲೆ ಮಣ್ಣಿನ ಮೂರ್ತಿಗೆ ಬೇಡಿಕೆ ಇನ್ನೂ ಹೆಚ್ಚು. ಆಮೇಲೆ ದೀಪಾವಳಿಯ ಹಣತೆಗಳು, ಕಾರ್ತಿಕದ ದೀಪಗಳು. ಬೇಸಿಗೆಯಲ್ಲಿ ಕೆರೆಗಳು ಬತ್ತಿದಾಗ ಮಣ್ಣು ತೆಗೆದು ಕೂಡಿಡುವುದು ಕಸುಬಿನ ಕ್ರಮ. ಆದ್ದರಿಂದ ಏಪ್ರಿಲ್ ತಿಂಗಳಲ್ಲೇ ಮಾತಾಡಿ, ಮುಂಗಡ ಕೊಟ್ಟು, ಜೂನ್‌ನಲ್ಲಿ ಶಾಲೆ ತೆರೆದಾಗ ಮಣ್ಣು ಬಾಗಿಲಿಗೆ ಬರುವಂತೆ ಏರ್ಪಾಡು ಮಾಡುವುದು ಜಾಣತನ.

ಎಷ್ಟು ಮಣ್ಣು ಬೇಕು? ನಲವತ್ತು ಮಕ್ಕಳ ತರಗತಿ ಎಂದು ಲೆಕ್ಕ ಹಾಕೋಣ. ಒಂದು ಮಗುವಿಗೆ ಒಂದು ಸಾರಿಗೆ ಮುಕ್ಕಾಲು ಕಿಲೋ ಹಸಿಮಣ್ಣು ಸಾಕು. ಅಲ್ಲಿಗೆ 30 ಕಿಲೋ. ಅರ್ಧಕ್ಕೆ ನಿಂತ ಕೆಲಸಗಳಲ್ಲಿ ಸಿಕ್ಕಿಕೊಂಡದ್ದು, ನೆನೆಯುತ್ತಿರುವುದು ಎಂದು ಮತ್ತೆ 20 ಕಿಲೋ. ಈ 50 ಕಿಲೋ ಸದಾ ಕೈಯಲ್ಲಿರಬೇಕು, ಅಂದರೆ ಒಂದು ಸಿಮೆಂಟ್ ಚೀಲದ ತೂಕ. ಸುಡದ ಮಣ್ಣು ಎಷ್ಟು ಸಾರಿ ಕೆಡಿಸಿದರೂ ನೀರು ಹಾಕಿದರೆ ಮತ್ತೆ ಮಣ್ಣೇ ಆಗುವುದರಿಂದ ಇದು ಖರ್ಚಾಗುವುದಿಲ್ಲ. ಖರ್ಚಾಗುವುದು ಸುಟ್ಟದ್ದು ಮಾತ್ರ. ವರ್ಷಕ್ಕೆ ಮಗುವೊಂದು ಅರ್ಧ ಅರ್ಧ ಕಿಲೋದ ಮೂರು ವಸ್ತುಗಳನ್ನು ಸುಡುವುದಾದರೆ 60 ಕಿಲೋ. ಪೋಲು ಸೇರಿಸಿ ಒಟ್ಟು 120 ಕಿಲೋ ತರಿಸಿದರೆ ವರ್ಷ ಕಳೆಯುತ್ತದೆ. ಒಂದು ಆಟೋರಿಕ್ಷಾದ ಸರಕು, ಅಷ್ಟೆ.

ಮಣ್ಣು ಬಂದ ದಿನವೇ ಅದನ್ನು ಪರೀಕ್ಷಿಸಿ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿದರೆ ವಿಜ್ಞಾನದ ಪಾಠವೂ ಆದೀತು. ಬೆರಳು ಗಾತ್ರದ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರಿಯದೆ ಸುತ್ತಿಕೊಂಡರೆ ಅಂಟು ಸಾಕು. ಅನಂತರ ಒಂದು ಪಟ್ಟಿ ತಟ್ಟಿ, ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಉದ್ದದ ಗೆರೆ ಎಳೆದು ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಗೆರೆ ಅಳೆದರೆ ಎಷ್ಟು ಕುಗ್ಗಿತೆಂದು ತಿಳಿಯುತ್ತದೆ. ಅರ್ಧದಿಂದ ಮುಕ್ಕಾಲು ಸೆಂಟಿಮೀಟರ್ ಕುಗ್ಗಿದರೆ ಚಿಂತೆಯಿಲ್ಲ. ಒಂದು ಸೆಂಟಿಮೀಟರಿಗಿಂತ ಹೆಚ್ಚಾದರೆ ಮರಳೋ, ಪುಡಿಮಾಡಿ ಜರಡಿ ಹಿಡಿದ ಹಳೆಯ ಹೆಂಚಿನ ತರಿಯೋ ಬೆರೆಸಬೇಕು. ಚಾಮರಾಜನಗರದ ಕಡೆಯ ಎರೆಮಣ್ಣು ನೋಡಲು ಬೆಣ್ಣೆಯಂತಿದ್ದರೂ ಮೋಸದ ಮಣ್ಣು. ನೀರು ಕುಡಿದು ಉಬ್ಬುವ ಅದರ ಗುಣ ಹತ್ತಿ ಬೆಳೆಗೆ ಒಳ್ಳೆಯದು, ಮಡಕೆಗೆ ಒಳ್ಳೆಯದಲ್ಲ.

ಇನ್ನೊಂದು ಶತ್ರುವಿದೆ, ಸುಣ್ಣದ ಕಲ್ಲು. ಕಡಲೆ ಗಾತ್ರದ ಬಿಳಿಯ ಗಂಟು ಮಣ್ಣಿನಲ್ಲಿ ಉಳಿದುಬಿಟ್ಟರೆ ಆವಿಗೆಯಲ್ಲಿ ಅದು ಬೆಂದು ಸುಟ್ಟ ಸುಣ್ಣವಾಗುತ್ತದೆ. ಪಾತ್ರೆ ಚೆನ್ನಾಗಿಯೇ ಹೊರಬರುತ್ತದೆ. ಎರಡು ಮೂರು ವಾರದ ಮೇಲೆ, ಮಗು ಅದನ್ನು ಮನೆಗೆ ಒಯ್ದು ಅಜ್ಜಿಗೆ ತೋರಿಸಿ ಕಿಟಕಿಯಲ್ಲಿಟ್ಟ ಮೇಲೆ, ಗಾಳಿಯ ತೇವವನ್ನು ಹೀರಿ ಸುಣ್ಣ ಉಬ್ಬಿ ಪಾತ್ರೆಯ ಮೈಯಿಂದ ಚಕ್ಕೆ ಹಾರಿಸುತ್ತದೆ. ಮಣ್ಣಿನ ಒಂದು ಚಿಟಿಕೆಗೆ ನಿಂಬೆರಸ ಹಿಂಡಿ. ನೊರೆ ಬಂದರೆ ಸುಣ್ಣವಿದೆ ಎಂದು ಅರ್ಥ. ಮಣ್ಣನ್ನು ತೆಳ್ಳಗೆ ಕದಡಿ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದರೆ ಗಂಟುಗಳು ಹೋಗುತ್ತವೆ.

ಹದ ಮಾಡುವ ಕ್ರಮ ಸುಲಭ, ಬೇಕಾದದ್ದು ತಾಳ್ಮೆ. ಮಣ್ಣನ್ನು ಪೂರ್ತಿ ಒಣಗಿಸಿ ನೀರಿಗೆ ಹಾಕಿ. ಒಣಗಿದ ಹೆಂಟೆ ನೀರಿನಲ್ಲಿ ತಾನೇ ಬಿಚ್ಚಿಕೊಳ್ಳುತ್ತದೆ, ಅರೆಹಸಿಯಾದದ್ದು ಬಿಚ್ಚಿಕೊಳ್ಳುವುದಿಲ್ಲ. ಎರಡು ದಿನ ನೆನೆಸಿ, ಕಲಕಿ, ಸೋಸಿ, ಮೇಲಿನ ತಿಳಿನೀರು ಬಸಿದು, ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ತೂಗುಹಾಕಿ. ಗಟ್ಟಿಯಾದ ಮೇಲೆ ಇಟ್ಟಿಗೆಯ ಮೇಲೆ ಹರಡಿದರೆ ಉಳಿದ ನೀರನ್ನು ಇಟ್ಟಿಗೆ ಹೀರುತ್ತದೆ. ಧನ್ವಂತರಿ ರಸ್ತೆಯ ವೈದ್ಯಕೀಯ ಸಾಮಾನಿನ ಅಂಗಡಿಗಳಲ್ಲಿ ಕೇಳಿ ಪ್ಲಾಸ್ಟರ್ ಆಫ್ ಪ್ಯಾರಿಸ್ ತಂದು ಹಲಗೆ ಎರಕ ಹೊಯ್ದುಕೊಳ್ಳುವವರಿದ್ದಾರೆ. ನೀರು ಹೀರುವುದರಲ್ಲಿ ಅದು ಇಟ್ಟಿಗೆಗಿಂತ ಮೇಲು. ಆದರೆ ಅದರ ಒಂದು ಚೂರು ಮಣ್ಣಿಗೆ ಸೇರಿದರೂ ಸುಣ್ಣದ ಕಲ್ಲಿನದೇ ಕಥೆ. ಮಕ್ಕಳು ಕೆರೆಯುವ ಜಾಗದಲ್ಲಿ ನಾನಂತೂ ಇಟ್ಟಿಗೆಯನ್ನೇ ಇಡುವೆನು.

ಬಿಳಿಯ ಮಣ್ಣು, ಪಿಂಗಾಣಿ ಮಣ್ಣು ಬೇಡವೇ ಎಂದು ನೀವು ಕೇಳಬಹುದು. ನಮ್ಮ ರಾಜ್ಯದಲ್ಲಿ ಅದಕ್ಕೂ ಹಿರಿಮೆಯ ಚರಿತ್ರೆಯುಂಟು. ನೇತ್ರಾವತಿ, ಗುರುಪುರ ನದಿಗಳ ಜೇಡಿಯಿಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚು ಮಾಡಲಾರಂಭಿಸಿದರು. ಮೈಸೂರು ಸರ್ಕಾರ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ನಡೆಸಿದ ಪಿಂಗಾಣಿ ಕಾರ್ಖಾನೆ ವಿದ್ಯುತ್ ಕಂಬಗಳ ಮೇಲಿನ ಬಿಳಿಯ ಬಟ್ಟಲುಗಳನ್ನು ತಯಾರಿಸಿತು; ಅದು 1976ರಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ಗೆ ಸೇರಿತು. ಆದರೆ ಬಿಳಿ ಜೇಡಿಯೊಂದನ್ನೇ ತಂದರೆ ಅದು ಕೈಗೆ ಬಗ್ಗದು. ಬಿಕಾನೇರದಂತಹ ಕಡೆಯಿಂದ ಬರುವ ಅಂಟುಜೇಡಿ, ಫೆಲ್ಡ್‌ಸ್ಪಾರ್, ಬೆಣಚು ಕಲ್ಲಿನ ಪುಡಿ ಬೆರೆಯಬೇಕು. ಕೆಂಪು ಮಣ್ಣು 800, 900 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬೆಂದರೆ, ಕಲ್ಲುಜಾಡಿಯ ಮಣ್ಣಿಗೆ 1200ಕ್ಕೂ ಮೇಲೆ, ಪಿಂಗಾಣಿಗೆ 1300ರ ಸುತ್ತಮುತ್ತ ಕಾವು ಬೇಕು. ಅಂತಹ ಕಾವಿನ ಕುಲುಮೆಯಿಲ್ಲದ ಶಾಲೆ ಬಿಳಿಮಣ್ಣು ಕೊಳ್ಳುವುದು, ಕುದುರೆಗೆ ಮುಂಚೆ ಲಾಳ ಕೊಂಡಂತೆ. ಮುಂದೆಂದಾದರೂ ಬೇಕಾದಾಗ ಬೆಂಗಳೂರಿನ ಪಾಟರಿ ಟೌನ್ ಕಡೆ ಹೋಗಿ ವಿಚಾರಿಸಿ. ಮೊದಲ ಎರಡು ವರ್ಷ ಕೆರೆಮಣ್ಣೇ ಸಾಕು.

ಉಪಕರಣಗಳ ಮಾತು ಚಿಕ್ಕದು. ಮಣ್ಣು ಕೊಯ್ಯಲು ಎರಡು ಕಡ್ಡಿಗಳ ನಡುವೆ ಕಟ್ಟಿದ ತಂತಿ, ಕೆರೆಯಲು ಕರಟದ ಚೂರು, ಗೀರಲು ಸೈಕಲ್ಲಿನ ಹಳೆಯ ಕಡ್ಡಿ, ಲಟ್ಟಿಸಲು ಲಟ್ಟಣಿಗೆ, ಒಂದೇ ದಪ್ಪ ಬರಲು ಎರಡು ಪಕ್ಕಕ್ಕೂ ಮರದ ಪಟ್ಟಿ, ಮೇಜಿಗೆ ಹಾಸಲು ಗೋಣಿತಟ್ಟು, ಒಂದೆರಡು ಸ್ಪಂಜು. ಮನೆಯಲ್ಲಿಲ್ಲದ್ದು ಸಂತೇಪೇಟೆಯಲ್ಲೋ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲೋ ಸಿಕ್ಕೀತು. ಚಕ್ಕುಲಿ ಒರಳಿನಿಂದ ಮಣ್ಣಿನ ಶಾವಿಗೆ ಒತ್ತಿ ಗೊಂಬೆಗೆ ಕೂದಲು ಮಾಡಬಹುದು. ಆದರೆ ಹಾಗೆ ಬಂದ ಒರಳು ಮರಳಿ ಅಡಿಗೆಮನೆಗೆ ಹೋಗಬಾರದು, ಮನೆಯವರ ಕೋಪಕ್ಕೆ ಗುರಿಯಾಗಬೇಡಿ. ತಿಗರಿ? ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಿಂದ ಕುಂಬಾರರಿಗೆ ವಿದ್ಯುತ್ ತಿಗರಿಗಳನ್ನು ಹಂಚಿದೆ. ಅದು ತಿರುಗುವುದನ್ನು ಮಕ್ಕಳು ಕುಂಬಾರರ ಬಳಿಯೇ ಹೋಗಿ ನೋಡಲಿ. ಶಾಲೆಗೆ ಒಂದು ತಿಗರಿ ತಂದರೆ ಒಬ್ಬ ಹುಡುಗ ಕೂರುತ್ತಾನೆ, ಮೂವತ್ತೊಂಬತ್ತು ಮಂದಿ ನಿಂತು ನೋಡುತ್ತಾರೆ. ಆ ಹಣಕ್ಕೆ ಮಣ್ಣು ತರುವುದು ಮೇಲು.

ಈಗ ಅಗತ್ಯವಾಗಿ ಹೇಳಬೇಕಾದ ಎರಡು ಮಾತುಗಳಿವೆ. ಒಂದು ಧೂಳಿನದು. ಹಸಿಮಣ್ಣು ನಿರಪಾಯಕಾರಿ, ಒಣಗಿ ಪುಡಿಯಾದ ಮಣ್ಣು ಹಾಗಲ್ಲ. ಅದರಲ್ಲಿ ಬೆಣಚು ಕಲ್ಲಿನ ಬಹು ಸಣ್ಣ ಕಣಗಳಿರುತ್ತವೆ. ಉಸಿರಿನೊಡನೆ ಶ್ವಾಸಕೋಶಕ್ಕೆ ಹೋದ ಈ ಕಣ ಹೊರಗೆ ಬಾರದೆ ಅಲ್ಲಿಯೇ ಗಾಯ ಮಾಡುತ್ತದೆ. ಕಲ್ಲು ಕುಟಿಗರಿಗೆ ಬರುವ ಸಿಲಿಕೋಸಿಸ್ ರೋಗಕ್ಕೆ ಇದೇ ಕಾರಣ, ಅದಕ್ಕೆ ಮದ್ದಿಲ್ಲ. ವಾರಕ್ಕೆರಡು ಗಂಟೆಯ ತರಗತಿಯಿಂದ ಮಕ್ಕಳಿಗೆ ಹಾಗಾಗುವುದೆಂದು ಹೆದರಿಸುತ್ತಿಲ್ಲ. ಆದರೆ ದಿನವೂ ಕೊಠಡಿ ಗುಡಿಸುವ ಆಯಾ ಒಬ್ಬರಿದ್ದಾರೆ, ಅವರನ್ನು ನೆನೆಯಿರಿ. ಮಣ್ಣಿನ ಕೊಠಡಿಯನ್ನು ಪೊರಕೆಯಿಂದ ಗುಡಿಸಕೂಡದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಒಣಗಿದ ಪಾತ್ರೆಯನ್ನು ಮರಳು ಕಾಗದದಿಂದ ಉಜ್ಜಿಸಬಾರದು, ಒದ್ದೆ ಸ್ಪಂಜಿನಿಂದ ಸವರಿಸಬೇಕು. ಗೋಣಿತಟ್ಟುಗಳನ್ನು ಕೊಡವದೆ ಬಕೆಟ್ಟಿನಲ್ಲಿ ಅದ್ದಿ ಒಗೆಯಬೇಕು. ಆ ಬಕೆಟ್ಟಿನ ನೀರನ್ನು ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಗಿಡದ ಬುಡಕ್ಕೆ ಹಾಕಿ.

ಎರಡನೆಯದು ಸೀಸ. ಕಡಿಮೆ ಕಾವಿನಲ್ಲಿ ಗಾಜಿನ ಹೊಳಪು ಕೊಡುವ ಲೇಪಗಳಲ್ಲಿ ಹಿಂದೆ ಸೀಸದ ಕೆಂಪು ಪುಡಿಯನ್ನು ಧಾರಾಳವಾಗಿ ಬಳಸುತ್ತಿದ್ದರು. ಅಂತಹ ಪಾತ್ರೆಯಲ್ಲಿ ಹುಣಿಸೆಹುಳಿಯೋ ಉಪ್ಪಿನಕಾಯಿಯೋ ಇಟ್ಟರೆ ಹುಳಿಗೆ ಸೀಸ ಬಿಡುತ್ತದೆ. ಅದು ಮಕ್ಕಳ ಮಿದುಳಿಗೆ ಕೇಡು. ಏನು ಬೆರೆಸಿದೆಯೆಂದು ಬರೆಯದ ಲೇಪದ ಪುಡಿಯನ್ನು ಎಷ್ಟು ಅಗ್ಗವಾದರೂ ಶಾಲೆಯೊಳಗೆ ತರಬೇಡಿ. ನನ್ನನ್ನು ಕೇಳಿದರೆ ಲೇಪವೇ ಬೇಡ. ಮನೆಯ ಹೊಸ್ತಿಲಿಗೆ ಸಾರಿಸುವ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಅರೆ ಒಣಗಿದ ಪಾತ್ರೆಗೆ ಬಳಿದು, ಹೊಳೆಯ ನುಣುಪುಕಲ್ಲಿನಿಂದ ಉಜ್ಜಿಸಿ. ನರಸೀಪುರದ ಪೂರ್ವಿಕರೂ ಉಜ್ಜಿಯೇ ಹೊಳಪು ತಂದರಷ್ಟೆ. ಅಂಗಡಿಯ ಕೆಮ್ಮಣ್ಣಿನಲ್ಲಿ ಬರಿಯ ಬಣ್ಣ ಹಾಕಿದ ಪುಡಿಯೂ ಉಂಟು. ಒಂದು ಚಿಟಿಕೆಯನ್ನು ಕಬ್ಬಿಣದ ಸೌಟಿನಲ್ಲಿ ಕೆಂಪಗೆ ಕಾಯಿಸಿ ನೋಡಿ. ನಿಜವಾದ ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನದು, ಬೆಂಕಿಗೆ ಹೋಗದು. ಲೇಪವಿಲ್ಲದ ಪಾತ್ರೆ ನೀರು ಜಿನುಗಿಸುತ್ತದೆ, ನಿಜ. ಹೂಕುಂಡಕ್ಕೂ ಹಣತೆಗೂ ಗೊಂಬೆಗೂ ಅದರಿಂದ ತೊಂದರೆಯೇನು?

ಸುಡುವುದು ಎಲ್ಲಕ್ಕಿಂತ ಕಷ್ಟದ ಭಾಗ. ಸುಮಾರು 600 ಡಿಗ್ರಿಯ ಹೊತ್ತಿಗೆ ಮಣ್ಣಿನ ಕಣಗಳೊಳಗೇ ಸೇರಿಕೊಂಡಿದ್ದ ನೀರು ಬಿಟ್ಟುಹೋಗುತ್ತದೆ. ಅದಾದ ಮೇಲೆ ಅದು ಮತ್ತೆ ಕೆಸರಾಗುವುದಿಲ್ಲ. ಆದರೆ ಅಪಾಯವಿರುವುದು ಅದಕ್ಕೂ ಬಹಳ ಮುಂಚೆ, ನೂರು ಡಿಗ್ರಿಯ ಆಸುಪಾಸಿನಲ್ಲಿ. ಪೂರ್ತಿ ಒಣಗದ ಪಾತ್ರೆಯ ಗೋಡೆಯೊಳಗೆ ಉಳಿದ ತೇವ ಉಗಿಯಾಗಿ, ಹೊರಬರಲು ದಾರಿಯಿಲ್ಲದೆ ಪಾತ್ರೆಯನ್ನು ಸಿಡಿಸುತ್ತದೆ. ಒಂದು ಗೊಂಬೆ ಸಿಡಿದರೆ ಪಕ್ಕದ ಹತ್ತು ಗೊಂಬೆಗಳಿಗೂ ಪೆಟ್ಟು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದರಲ್ಲಿ ದೊಣ್ಣೆಯ ಕೆಲಸವನ್ನು ಇಲ್ಲಿ ಉಗಿ ಮಾಡುತ್ತದೆ. ಗೋಡೆ ಹೆಬ್ಬೆರಳಿಗಿಂತ ದಪ್ಪವಾಗದಂತೆ ನೋಡಿಕೊಳ್ಳಿ; ಆನೆಯ ಹೊಟ್ಟೆ ಪೊಳ್ಳಾಗಿರಲಿ, ಅಡಿಯಲ್ಲೊಂದು ರಂಧ್ರವಿರಲಿ. ನೆರಳಿನಲ್ಲಿ ಎರಡು ವಾರ ಒಣಗಿದ ಮೇಲೆ ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಇನ್ನೂ ತೇವವಿದೆ.

ವಿದ್ಯುತ್ ಕುಲುಮೆ ಕೊಳ್ಳಲು ಶಕ್ತಿಯಿರುವ ಶಾಲೆಗಳೂ ಮೈಸೂರಿನಲ್ಲಿರಬಹುದು. ಅಂತಹವರು ಕುಲುಮೆಗೆ ಹಣ ಕಟ್ಟುವ ಮುಂಚೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಲ್ಲಿ ತಮ್ಮ ಶಾಲೆಗೆ ಮಂಜೂರಾಗಿರುವ ಭಾರವೆಷ್ಟು, ಮೂರು ಫೇಸಿನ ಸಂಪರ್ಕವಿದೆಯೇ ಎಂದು ವಿಚಾರಿಸಲಿ. ಉಳಿದವರಿಗೆ ಕುಂಬಾರರ ಆವಿಗೆಯೇ ಗತಿ. ಅದು ಹೀನವಾದ ಗತಿಯೇನಲ್ಲ. ಅವರು ಆವಿಗೆ ಹೂಡುವ ದಿನ ನಿಮ್ಮ ಮಕ್ಕಳ ವಸ್ತುಗಳಿಗೂ ಮೂಲೆಯಲ್ಲಿ ಜಾಗ ಕೇಳಿ, ಅದಕ್ಕೆ ಹಣ ಕೊಡಿ. ಸಪ್ಟೆಂಬರ್ ಅಕ್ಟೋಬರಿನಲ್ಲಿ ಮೈಸೂರಿನ ಮಳೆ ನೆಚ್ಚುವಂತಹದಲ್ಲ. ಸಂಕ್ರಾಂತಿಯ ಆಚೀಚೆ ಆಕಾಶ ತಿಳಿಯಾಗಿರುತ್ತದೆ, ಪರೀಕ್ಷೆಗಳಿಗೂ ಇನ್ನೂ ದಿನವಿರುತ್ತದೆ. ಹಸಿ ಪಾತ್ರೆಗಳನ್ನು ಒಯ್ಯುವಾಗ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಒಂದಕ್ಕೊಂದು ತಾಗದಂತೆ ಇಡಿ. ಪ್ರತಿಯೊಂದರ ಅಡಿಯಲ್ಲೂ ಹಾಜರಿ ಪುಸ್ತಕದ ಸಂಖ್ಯೆಯನ್ನು ಹಸಿಯಿದ್ದಾಗಲೇ ಗೀರಿಸಿರಿ. ಪೆನ್ಸಿಲ್ಲಿನಲ್ಲಿ ಬರೆದದ್ದು ಬೆಂಕಿಯಲ್ಲಿ ಹೋಗಿಬಿಡುತ್ತದೆ, ಆಮೇಲೆ ನಲವತ್ತು ಹಣತೆಗಳಿಗೆ ಎಂಬತ್ತು ಕೈಗಳು.

ಲೆಕ್ಕಪತ್ರದ ಮಾತು ಬಾಕಿಯಿದೆ. ಕುಂಬಾರರ ಬಳಿ ಅಚ್ಚಾದ ರಸೀದಿ ಪುಸ್ತಕವಿರುವುದಿಲ್ಲ. ಈ ಒಂದು ಕಾರಣದಿಂದಲೇ ಶಾಲೆಗಳು ಅವರನ್ನು ಬಿಟ್ಟು ದೊಡ್ಡ ಅಂಗಡಿಗೆ ಹೋಗುವುದುಂಟು, ದುಪ್ಪಟ್ಟು ಬೆಲೆ ಕೊಡುವುದುಂಟು. ಸರ್ಕಾರಿ ಶಾಲೆಯಾದರೆ ಮೊದಲೇ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯವಿಟ್ಟು, ಇಂತಿಷ್ಟು ಕಿಲೋ ಮಣ್ಣು, ಇಂತಿಷ್ಟು ಸಾರಿ ಸುಡುವ ಕೂಲಿ ಎಂದು ನಿರ್ಣಯ ಬರೆಸಿ, ಕೈಬರಹದ ರಸೀದಿಗೆ ಸಹಿ ಪಡೆಯಿರಿ. ಮಣ್ಣಿನ ಮಡಕೆ ಹಣತೆಗಳಿಗೆ ಜಿ.ಎಸ್.ಟಿ. ಇಲ್ಲವೆಂಬುದನ್ನು ಗುಮಾಸ್ತರಿಗೆ ತಿಳಿಸಿದರೆ ಅವರ ಅರ್ಧ ಅನುಮಾನ ತೀರೀತು. ಕುಂಬಾರರನ್ನು ಒಂದೆರಡು ದಿನ ಶಾಲೆಗೆ ಕರೆಯುವುದಾದರೆ ಮಣ್ಣಿನ ಬೆಲೆಯಲ್ಲದೆ ಕಲಿಸಿದ್ದಕ್ಕೆ ಬೇರೆ ಸಂಭಾವನೆ ಕೊಡಬೇಕು. ಸಂಗೀತದ ಮೇಷ್ಟರಿಗೆ ಕೊಡುತ್ತೇವೆ, ಇವರಿಗೆ ಶಾಲು ಹೊದಿಸಿ ಕಳಿಸುತ್ತೇವೆ. ಶಾಲಿನಿಂದ ಒಲೆ ಉರಿಯುವುದಿಲ್ಲ. ಮೈಸೂರಿನಲ್ಲಿ ಸಲಹೆ ಕೇಳಲು ಇನ್ನೂ ಎರಡು ಬಾಗಿಲುಗಳಿವೆ: ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ಶಿಲ್ಪ ವಿಭಾಗ, ಮತ್ತು ವೆಲ್ಲಿಂಗ್ಟನ್ ಹೌಸಿನಲ್ಲಿರುವ ಇಂದಿರಾಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ. ದೂರವಾದರೂ ಬೇಸಿಗೆ ರಜೆಯಲ್ಲಿ ಉಪಾಧ್ಯಾಯರೊಬ್ಬರು ಹೋಗಿ ವಿಚಾರಿಸಿ ಬರಬಹುದಾದ ದಾರಿ.

ರಜೆಯೆಂದಾಗ ನೆನಪಾಯಿತು. ಮಾರ್ಚಿಯ ಕೊನೆಯಲ್ಲಿ ಉಳಿದ ಮಣ್ಣನ್ನು ಬಕೆಟ್ಟಿನಲ್ಲೇ ಬಿಟ್ಟು ಬೀಗ ಹಾಕಿದರೆ ಜೂನ್‌ನಲ್ಲಿ ನಿಮಗೆ ಸಿಕ್ಕುವುದು ಒಂದು ಬಂಡೆ. ಅದನ್ನು ಒಡೆಯಲು ಸುತ್ತಿಗೆ, ಸುತ್ತಿಗೆಯಿಂದ ಧೂಳು. ಅಂಗೈಯಗಲದ ಬಿಲ್ಲೆಗಳಾಗಿ ತಟ್ಟಿ ಒಣಗಿಸಿ ಚೀಲದಲ್ಲಿ ತುಂಬಿಡಿ. ಶಾಲೆ ತೆರೆಯುವ ಹಿಂದಿನ ದಿನ ನೀರಿಗೆ ಹಾಕಿದರೆ ಮರುದಿನಕ್ಕೆ ಕಲಕಿ ಸೋಸಲು ಸಿದ್ಧವಾಗಿರುತ್ತದೆ.